ಬಚ್ಚಿಟ್ಟ ಹೆಸರು

ಹದಿನೆಂಟನೆಯ ಶತಮಾನದ ಕೊನೆಯ ದಶಕ. ಇಂದಿನ ಟೋಕಿಯೊ ನಗರಕ್ಕೆ ಆಗ ಎದೊ ಎಂದು ಹೆಸರು. ಅಲ್ಲಿನ ಅಸಾಕುಸಾ ದೇವಾಲಯದ ಬಳಿ ನಾನಿವಾಯಾ ಎಂಬ ಚಹಾದಂಗಡಿಯಿತ್ತು. ಬಂದವರಿಗೆ ಚಹಾ ನೀಡುತ್ತಿದ್ದ ಹದಿಹರೆಯದ ಹುಡುಗಿ ಓಕಿತಾ. ಆಕೆ ಅರಸನ ಮಗಳಲ್ಲ, ಸಿರಿವಂತರ ಮನೆಯವಳೂ ಅಲ್ಲ. ಆದರೂ ಪ್ರಿಯ ಓದುಗರೇ, ಆಕೆಯ ಚಿತ್ರ ಇಂದು ಜಗತ್ತಿನ ಪ್ರಸಿದ್ಧ ವಸ್ತುಸಂಗ್ರಹಾಲಯಗಳಲ್ಲಿದೆ. ಅದನ್ನು ಬರೆದವನು ಕಿತಾಗಾವಾ ಉತಾಮಾರೊ.

ಅದು ಮರದಚ್ಚಿನ ಚಿತ್ರ. ಕಲಾವಿದನ ರೇಖಾಚಿತ್ರವನ್ನು ಕೆತ್ತನೆಗಾರನು ಚೆರಿ ಮರದ ಹಲಗೆಗೆ ಅಂಟಿಸಿ, ಕೂದಲಿನ ಒಂದೊಂದು ಎಳೆಯನ್ನೂ ಉಳಿಸಿಕೊಂಡು ಸುತ್ತಲಿನ ಮರವನ್ನು ಕೆತ್ತಿ ತೆಗೆಯುತ್ತಿದ್ದನು. ಒಂದೊಂದು ಬಣ್ಣಕ್ಕೂ ಬೇರೆ ಹಲಗೆ. ಮುದ್ರಕನು ಅವುಗಳನ್ನು ಒಂದರ ಮೇಲೊಂದರಂತೆ ಒಂದೇ ಕಾಗದಕ್ಕೆ ಒತ್ತುತ್ತಿದ್ದನು. ಹೀಗೆ ಸಿದ್ಧವಾದ ಪ್ರತಿಗಳು ಸಾಮಾನ್ಯ ಪಟ್ಟಣಿಗರ ಕೈಗೂ ಎಟಕುತ್ತಿದ್ದವು.

ಆದರೆ ಆಳುವವರಿಗೆ ಇದು ಹಿಡಿಸಲಿಲ್ಲ. ಆಡಂಬರವನ್ನು ಅಡಗಿಸಿ ಶಿಸ್ತನ್ನು ತರುವ ಸುಧಾರಣೆಗಳು 1787ರಿಂದಲೇ ನಡೆದಿದ್ದವು. 1793ರಲ್ಲಿ, ಪರವಾನಗಿ ಪಡೆದ ಗಣಿಕೆಯರ ಹೊರತು ಬೇರಾವ ಸ್ತ್ರೀಯ ಹೆಸರನ್ನೂ ಚಿತ್ರದ ಮೇಲೆ ಅಚ್ಚಿಸಬಾರದೆಂಬ ಆಜ್ಞೆ ಹೊರಟಿತು. ದುಡಿದು ಬದುಕುವ ಹುಡುಗಿಯ ಮುಖವಿರಬಹುದು, ಹೆಸರಿರಕೂಡದು!

ಉತಾಮಾರೊ ಹೆಸರನ್ನು ಒಗಟಾಗಿಸಿದನು. ಚಿತ್ರದ ಮೇಲ್ಭಾಗದ ಪುಟ್ಟ ಚೌಕಟ್ಟಿನಲ್ಲಿ ಎರಡು ಕಟ್ಟು ಸೊಪ್ಪು, ಒಂದು ಬಾಣ, ದೂರದ ಕಡಲು, ಭತ್ತದ ಗದ್ದೆ. ಜಪಾನೀ ಭಾಷೆಯಲ್ಲಿ ಸೊಪ್ಪು ‘ನಾ’, ಎರಡು ಕಟ್ಟು ‘ನಿವಾ’, ಬಾಣ ‘ಯಾ’, ದೂರದ ಕಡಲು ‘ಓಕಿ’, ಗದ್ದೆ ‘ತಾ’. ಕೂಡಿಸಿ ಓದಿದರೆ ನಾನಿವಾಯಾ ಓಕಿತಾ! 1796ರಲ್ಲಿ ಈ ಒಗಟುಗಳಿಗೂ ನಿಷೇಧ ಬಂದಿತು. 1800ರಲ್ಲಿ ಸ್ತ್ರೀಯರ ಮುಖವನ್ನು ದೊಡ್ಡದಾಗಿ ತೋರುವ ಚಿತ್ರಗಳೇ ನಿಷಿದ್ಧವಾದವು. 1804ರಲ್ಲಿ, ಹಿಂದಿನ ಆಳರಸ ಹಿದೆಯೋಶಿಯನ್ನು ಚಿತ್ರಿಸಿದ್ದಕ್ಕಾಗಿ ಉತಾಮಾರೊವಿಗೆ 50 ದಿನ ಕೈಕೋಳದ ಶಿಕ್ಷೆಯಾಯಿತು. 1806ರಲ್ಲಿ ಆತ ತೀರಿಕೊಂಡನು.

ಆಜ್ಞೆಗಳು ಹಳೆಯ ಕಡತ ಸೇರಿದವು. ಚಹಾ ನೀಡಿದ ಹುಡುಗಿಯ ಹೆಸರು ಉಳಿಯಿತು. ಆದರೆ ಆಕೆಯ ಕೂದಲಿನ ಎಳೆಗಳನ್ನು ಮರದಲ್ಲಿ ಬಿಡಿಸಿದ ಕೆತ್ತನೆಗಾರನ ಹೆಸರನ್ನು ಚಿತ್ರದಲ್ಲಿ ಹುಡುಕಿ ನೋಡಿ. ಕಲಾವಿದನ ಸಹಿಯಿದೆ, ಪ್ರಕಾಶಕನ ಮುದ್ರೆಯಿದೆ, ಆತನ ಹೆಸರಿಲ್ಲ. ಅದನ್ನು ಯಾವ ಅರಸನೂ ನಿಷೇಧಿಸಿರಲಿಲ್ಲ. ಬರೆಯಬೇಕೆಂದು ಯಾರಿಗೂ ತೋಚಲಿಲ್ಲ, ಅಷ್ಟೆ.