ಬಯಲಿಗೆ ಬಂದ ಕ್ರಿಸ್ತಗೀತೆ

ಜರ್ಮನ್ ಚರ್ಚಿನ ಹಾಡನ್ನು ಕನ್ನಡದ ಬಾಯಲ್ಲಿ ಹಾಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ಆ ಹಾಡಿನ ನಡೆ ನಿಧಾನ. ಹೆಚ್ಚು ಕಡಿಮೆ ಎಲ್ಲ ಅಕ್ಷರಕ್ಕೂ ಒಂದೇ ಅಳತೆಯ ಸ್ವರ. ಕನ್ನಡದ ಹಾಡೋ ಲಘು ಗುರುಗಳ ಮೇಲೆ ನಿಂತದ್ದು. ಆ ಧಾಟಿಗೆ ‘ಮನ’ ಎಂಬ ಮಾತನ್ನು ಕೂರಿಸಿದರೆ ಅದು ಎಳೆದಾಡಿ ‘ಮಾನ’ ಎಂದು ಕೇಳುತ್ತದೆ, ‘ಬಲ’ ಹೋಗಿ ‘ಬಾಲ’ವಾಗುತ್ತದೆ. ಅಲ್ಲಿನ ಪ್ರಾಸ ಸಾಲಿನ ತುದಿಯಲ್ಲಿ; ಇಲ್ಲಿನ ಕಿವಿ ಎರಡನೆಯ ಅಕ್ಷರದ ಪ್ರಾಸಕ್ಕೆ ಪಳಗಿದ್ದು.

ಆ ಹಾಡನ್ನು ಹೊತ್ತು 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಮಾಡಿತು. ಮಿಷನರಿಗಳು ಹಳ್ಳಿ ತಿರುಗುತ್ತಿದ್ದರು, ಸಂತೆ ಜಾತ್ರೆಗಳಲ್ಲಿ ನಿಂತು ಬೋಧಿಸುತ್ತಿದ್ದರು. ಚರ್ಚಿನೊಳಗೆ ಹಾಡುವುದು ಬೇರೆ, ಜಾತ್ರೆಯ ಗದ್ದಲದಲ್ಲಿ ನಿಂತವರನ್ನು ಹಾಡಿನಿಂದ ಹಿಡಿದಿಡುವುದು ಬೇರೆ. ವಚನ, ತತ್ವಪದ, ದಾಸರ ಪದ ಕೇಳಿ ಬೆಳೆದ ನೆಲವಿದು.

ಇದು ಅವರಲ್ಲಿ ಕೆಲವರಿಗಾದರೂ ಅರ್ಥವಾಯಿತು ಎನ್ನುವುದೇ ಈ ಚರಿತ್ರೆಯ ದೊಡ್ಡ ಸಂಗತಿ. ಹರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಕ್ರಿಸ್ತನನ್ನು ಸಾರಲು ಬಂದವನು ಪುರಂದರದಾಸರ ಪದಗಳನ್ನು ಪುಸ್ತಕಕ್ಕಿಳಿಸಿದ್ದು ಸಣ್ಣ ಮಾತಲ್ಲ.

1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮೊದಲ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಯ ಕಡೆ ಇದ್ದು ಕನ್ನಡ ಕಲಿತ ಆತ, 1862ರಲ್ಲಿ ‘ಕಥಾಮಾಲೆ’ ಪ್ರಕಟಿಸಿದ. ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ, ಇಲ್ಲಿನವರು ಹಾಡಿಕೊಳ್ಳುವಂತೆ ಹೇಳಿದ ಕೃತಿಯದು. ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವನೂ ಅವನೇ. ಹಾಡು ಕಟ್ಟುವ ಮೊದಲು ಹಾಡಿನ ಲೆಕ್ಕ ಕಲಿಯಬೇಕೆಂಬ ಶ್ರದ್ಧೆ ಅವನಲ್ಲಿತ್ತು. ಅನ್ಯರ ನಂಬಿಕೆಯ ಮೇಲೆ ಮಿಷನರಿಗಳು ಆಡಿದ ಕಟು ಮಾತುಗಳನ್ನು ಮರೆಯಬೇಕಿಲ್ಲ. ಈ ಶ್ರದ್ಧೆಯನ್ನೂ ಮರೆಯಬಾರದು.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಲ್ಲ. ಶಿಶುನಾಳ ಶರೀಫರ (1819–1889) ಸಮಕಾಲೀನರಾದ ನವಲಗುಂದದ ನಾಗಲಿಂಗಯತಿಗಳ ಮಠದಲ್ಲಿ ನಡುವೆ ತೂತಿರುವ ಬೈಬಲ್ ಒಂದನ್ನು ಪೂಜ್ಯವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಆ ತೂತು ತಾನಾಗಿ ಮುಚ್ಚುತ್ತಿದೆ ಎಂಬುದು ಭಕ್ತರ ನಂಬಿಕೆ.

ವಾದ್ಯದ ಕಥೆಯೂ ಹಾಗೆಯೇ. ಯುರೋಪಿನಲ್ಲಿ ಕಾಲಿನಿಂದ ತಿದಿ ಒತ್ತಿ ನುಡಿಸುತ್ತಿದ್ದ ಹಾರ್ಮೋನಿಯಂ, ಭಾರತದಲ್ಲಿ ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿ ಹಾಕುವ ಪೆಟ್ಟಿಗೆಯಾಯಿತು. ಉತ್ತರ ಕರ್ನಾಟಕದಲ್ಲಿ ಅದು ‘ಪೇಟಿ’. ನಾಟಕ ಕಂಪನಿಗೂ ಮಠದ ಭಜನೆಗೂ ಅದೇ ಪೇಟಿ. ಕುಂದಗೋಳದ ಸವಾಯಿ ಗಂಧರ್ವರು (1886–1952) ರಂಗದ ಮೇಲೆ ಹಾಡಿ ಹೆಸರಾದ ಕಾಲದಲ್ಲಿ ರಂಗಗೀತೆಯ ಧಾಟಿ ಊರೂರಿನ ಕಿವಿಗೆ ಬಿದ್ದಿತ್ತು.

ಭಜನೆಯಲ್ಲಿ ಮುಂದಾಳು ಒಂದು ಸೊಲ್ಲು ಎತ್ತುತ್ತಾನೆ, ಮೇಳ ಅದನ್ನೇ ಹಿಂತಿರುಗಿಸುತ್ತದೆ. ತಾಳ ಮೆಲ್ಲಗೆ ಶುರುವಾಗಿ, ಕೊನೆಯ ನುಡಿಗೆ ಲಯ ಏರುತ್ತದೆ. ಪುಸ್ತಕ ಬೇಕಿಲ್ಲ, ಓದು ಬರಬೇಕಿಲ್ಲ. ಓದು ಬಾರದವರೇ ಹೆಚ್ಚಿದ್ದ ಹಳ್ಳಿಯ ಕ್ರೈಸ್ತ ಸಭೆಗೆ ಇದಕ್ಕಿಂತ ಒಪ್ಪುವ ಆರಾಧನೆ ಇರಲಿಲ್ಲ. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು; ಅದೇ ಸೀಮೆಯ ಮರಾಠಿ ಕವಿ ನಾರಾಯಣ ವಾಮನ ಟಿಳಕ (1861–1919) ಕ್ರೈಸ್ತರಾದ ಮೇಲೆ ಭಜನೆ, ಕೀರ್ತನೆಗಳನ್ನೇ ಆರಾಧನೆಯ ಭಾಷೆ ಮಾಡಿಕೊಂಡಿದ್ದರು. ಕ್ಯಾಥೊಲಿಕರಿಗೆ ಈ ಬಾಗಿಲು ಅಗಲವಾಗಿ ತೆರೆದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. 1963ರ ಆರಾಧನಾ ವಿಧಿಯ ದಸ್ತಾವೇಜು ಜನಭಾಷೆಗೂ ಆಯಾ ನಾಡಿನ ಸಂಗೀತಕ್ಕೂ ಜಾಗ ಕೊಟ್ಟಿತು.

ಈಗಿನ ಕ್ರೈಸ್ತ ಸಂಗೀತೋತ್ಸವದ ವೇದಿಕೆಯಲ್ಲಿ ಕೀಬೋರ್ಡ್, ಗಿಟಾರ್, ಡ್ರಮ್ಸ್ ಇರುತ್ತವೆ. ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ಮಾತು ತುಂಬಿದಾಗ ಹ್ರಸ್ವ ದೀರ್ಘಗಳು ಮತ್ತೆ ಅದಲುಬದಲಾಗುತ್ತವೆ. ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜಿದೆ, ಅವನ 1894ರ ನಿಘಂಟು ಎಲ್ಲರಿಗೂ ಗೊತ್ತು. ಹಾಡು ಕಟ್ಟುವ ಹುಡುಗ ಹುಡುಗಿಯರು ‘ಕಥಾಮಾಲೆ’ಯನ್ನೂ ಒಮ್ಮೆ ತೆರೆದು, ಪೇಟಿಯ ಮೇಲೆ ಕೂರಿಸಿ ಹಾಡಿ ನೋಡಬೇಕು.