ಪೆಟ್ಟಿಗೆಯೊಳಗಿನ 52 ಎಲೆ

ಯುಗಾದಿ ಬಂತೆಂದರೆ ನಮ್ಮ ಮೈಸೂರು, ಮಂಡ್ಯ ಕಡೆ ಅರಳಿಕಟ್ಟೆಯ ಮೇಲೆ ಇಸ್ಪೀಟು ಎಲೆ ಬೀಳೋದು ಹೊಸದಲ್ಲ. ಒಬ್ಬಟ್ಟಿನ ಊಟ, ಮಾರನೇ ದಿನ ಹೊಸತೊಡಕು, ನಡುವೆ ಅಂದರ್ ಬಾಹರ್. ನಮ್ಮ ತಾತ ವರ್ಷಕ್ಕೆ ಅದೊಂದೇ ಹಬ್ಬಕ್ಕೆ ಆಡುತ್ತಿದ್ದರು. ಜೇಬಿನಲ್ಲಿದ್ದದ್ದು ಖಾಲಿಯಾದರೆ ಟವೆಲ್ ಕೊಡವಿ ಎದ್ದು ಬರುತ್ತಿದ್ದರು. ಅವರ ಲೆಕ್ಕ ಅಷ್ಟೇ.

ನಾನು ಇಂಜಿನಿಯರಿಂಗ್ ಓದಿದವನು, ಅಷ್ಟಕ್ಕೆ ನಿಲ್ಲಲಿಲ್ಲ. ಮೈಸೂರಿನ ಹಾಸ್ಟೆಲ್ಲಿನಲ್ಲಿ ಕೊನೇ ವರ್ಷ ಕೂತು, ವಿಡಿಯೋ ಪೋಕರ್ ಅನ್ನೋ ಯಂತ್ರದ ಆಟಕ್ಕೆ ಒಂದು ಪ್ರೋಗ್ರಾಂ ಬರೆದೆ. ಯಾವ ಎಲೆ ಇಟ್ಟುಕೊಳ್ಳಬೇಕು, ಯಾವುದು ಬಿಸಾಕಬೇಕು ಅಂತ ಒಂದು ಚಾರ್ಟ್ ಆಯಿತು. ತಪ್ಪಿಲ್ಲದೆ ಆಡಿದರೆ ಹಾಕಿದ ನೂರು ರೂಪಾಯಿಗೆ ಸರಾಸರಿ 99.54 ವಾಪಸ್. ರೂಮ್‌ಮೇಟ್ ಕಣ್ಣರಳಿಸಿದ. "ಲೋ, ಇದು ಜೂಜಲ್ಲ ಕಣೋ, ಲೆಕ್ಕ!" ಅಂದ. ಚಾರ್ಟಿನ ಒಂದು ಪ್ರಿಂಟ್ ಅವನಿಗೆ ಕೊಟ್ಟೆ. ಈ ಲೇಖನ ಅಲ್ಲಿಂದ ಶುರು.

ಜೂಜು ಬೇರೆ, ಲೆಕ್ಕ ಬೇರೆ ಅನ್ನೋ ಮಾತು ಮೈಸೂರಿಗೆ ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ರಾಜರಿಗೆ ಉಳಿದದ್ದು ಸಂಗೀತ, ಸಾಹಿತ್ಯ ಮತ್ತು ಆಟ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಯನ್ನು ಅವರು ಬಿಡಿಸಿದ್ದರು. ಇಂದಿನ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಅದು ಅಸೈನ್‌ಮೆಂಟು! ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೇ ಮೀಸಲು. ಗಂಜೀಫಾ ಎಲೆಗಳನ್ನು ಅವರು ಛದ ಅಂತ ಕರೆದರು, ಹೊಸ ಹೊಸ ಕಟ್ಟುಗಳನ್ನು ರೂಪಿಸಿದರು. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟಗಳ ಚಿತ್ರಗಳನ್ನು ಈಗಲೂ ನೋಡಬಹುದು. ಅಲ್ಲಿ ನಿಂತಾಗಲೆಲ್ಲ ನನಗೆ ಅನಿಸೋದು ಒಂದೇ: ಮನೆಗಳೆಲ್ಲ ಕಣ್ಣೆದುರಿಗಿವೆ, ಮುಚ್ಚಿಟ್ಟದ್ದು ಯಾವುದೂ ಇಲ್ಲ. ಸೋತರೆ ಎಲ್ಲಿ ಸೋತೆ ಅಂತ ಬೆರಳಿಟ್ಟು ತೋರಿಸಬಹುದು.

ಸ್ವಾತಂತ್ರ್ಯ ಬಂದ ಮೇಲೆ ಈ ಲೆಕ್ಕಕ್ಕೆ ಕೋರ್ಟಿನಲ್ಲಿ ಒಂದು ಹೆಸರು ಸಿಕ್ಕಿತು. ಕೌಶಲ. ಅದರ ಕಥೆಯೂ ನಮ್ಮ ಬೆಂಗಳೂರನ್ನು ಮುಟ್ಟುತ್ತೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಸ್ಪೋರ್ಟಿಂಗ್ ಸ್ಟಾರ್ ಅನ್ನೋ ವಾರಪತ್ರಿಕೆಯಲ್ಲಿ ಚಮಾರ್‌ಬಾಗ್‌ವಾಲಾ ಅವರ ಬಹುಮಾನದ ಪದಬಂಧಗಳು ಬರುತ್ತಿದ್ದವು. ಪ್ರವೇಶಕ್ಕೆ ದುಡ್ಡು, ಗೆದ್ದರೆ ಬಹುಮಾನ. ಬಾಂಬೆ ರಾಜ್ಯದಲ್ಲಿ ಅದಕ್ಕೆ ಭಾರೀ ಗಿರಾಕಿ. ಆ ಸರ್ಕಾರ ತೆರಿಗೆ ಹಾಕಿತು, ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1957ರಲ್ಲಿ ತೀರ್ಪು: ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಸಂವಿಧಾನದ ರಕ್ಷಣೆ ಇಲ್ಲ. ಆದರೆ ಗೆಲುವು ಬಹುಪಾಲು ಕೌಶಲದ ಮೇಲೆ ನಿಂತಿದ್ದರೆ ಅದು ಜೂಜಲ್ಲ. ಅಲ್ಲಿಂದ ಶುರುವಾಯ್ತು ನೋಡಿ, ಎಲ್ಲರೂ ಆ ಬಾಗಿಲಿನಲ್ಲೇ ನುಗ್ಗಿದರು. 1967ರಲ್ಲಿ ರಮ್ಮಿ ಕೌಶಲದ ಆಟ ಅಂತಾಯಿತು. 1996ರಲ್ಲಿ ಕುದುರೆ ರೇಸೂ ಕೌಶಲವೇ ಅಂತಾಯಿತು. 1891ರಲ್ಲಿ ಶುರುವಾದ ನಮ್ಮ ಮೈಸೂರು ರೇಸ್ ಕ್ಲಬ್‌ನವರಿಗೆ ಅದು ನಿಟ್ಟುಸಿರು ಬಿಡುವ ತೀರ್ಪು.

ಇವೆರಡರ ನಡುವೆ, 1995ರಲ್ಲಿ ಇನ್ನೊಂದು ತೀರ್ಪು ಬಂತು. ಅಷ್ಟಾಗಿ ಯಾರೂ ನೆನಪಿಸಿಕೊಳ್ಳದ್ದು, ನನಗೆ ಮಾತ್ರ ಎಲ್ಲಕ್ಕಿಂತ ಮುಖ್ಯ ಅನಿಸೋದು. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣ. ವಿಡಿಯೋ ಗೇಮ್ ಪಾರ್ಲರ್‌ಗಳಿಗೆ ಲೈಸೆನ್ಸ್ ಬೇಕಾ ಬೇಡವಾ ಅನ್ನೋ ವಿವಾದ. ಪಾರ್ಲರ್‌ನವರ ವಾದ ಅದೇ: ಇದು ಕೌಶಲ. ಕೋರ್ಟು ಒಪ್ಪಲಿಲ್ಲ. ಯಂತ್ರವನ್ನು ಒಳಗಿಂದ ತಿದ್ದಬಹುದು, ಹಾಗೆ ತಿದ್ದಿದರೆ ಆಟಗಾರ ಎಷ್ಟೇ ಜಾಣನಾದರೂ ಗೆಲ್ಲೋದು ಕಷ್ಟ, ಸಾಮಾನ್ಯ ಜನ ಅಲ್ಲಿ ತೋರಿಸೋದು ಕೌಶಲವಲ್ಲ, ಬರೀ ಊಹೆ ಅಂತು. ಪೊಲೀಸ್ ಲೈಸೆನ್ಸ್ ಬೇಕು ಅಂತು. ನಾನು ಕಾಲೇಜಿನಲ್ಲಿದ್ದಾಗ ಈ ತೀರ್ಪು ಓದಿರಲಿಲ್ಲ. ಓದಿದ್ದರೆ ಆ ಪ್ರಿಂಟ್ ತೆಗೆಯುತ್ತಿದ್ದೆನಾ? ಬಹುಶಃ ತೆಗೆಯುತ್ತಿದ್ದೆ. ಆ ವಯಸ್ಸೇ ಹಾಗೆ.

ವಿಡಿಯೋ ಪೋಕರ್ ಅಂದರೆ ಏನಪ್ಪಾ ಅಂದ್ರೆ, ಯಂತ್ರ ಪರದೆಯ ಮೇಲೆ ಐದು ಎಲೆ ಹಾಕುತ್ತೆ. ಬೇಕಾದ್ದು ಇಟ್ಟುಕೊಂಡು ಉಳಿದದ್ದನ್ನು ಒಂದೇ ಒಂದು ಸಲ ಬದಲಿಸಬಹುದು. ಎದುರಾಳಿ ಇಲ್ಲ, ಮುಖ ನೋಡಿ ಹೆದರಿಸೋದು ಇಲ್ಲ. ಕೊನೆಗೆ ಕೈಯಲ್ಲಿ ಏನಿದೆಯೋ ಅದಕ್ಕೆ ಯಂತ್ರದ ಮೇಲೆ ಬರೆದಿರುವ ಪಟ್ಟಿಯ ಪ್ರಕಾರ ದುಡ್ಡು. 1970ರ ದಶಕದ ಕೊನೆಗೆ ಚಿಪ್ಪುಗಳು ಅಗ್ಗವಾದಾಗ ಅಮೆರಿಕದ ನೆವಾಡಾದಲ್ಲಿ ಇದು ಹಬ್ಬಿತು. ಲಾಸ್ ವೇಗಸ್‌ನಲ್ಲಿ ಇದನ್ನೇ ವರ್ಷಗಟ್ಟಲೆ ಆಡಿ ಜೀವನ ಮಾಡಿದವರೂ ಇದ್ದಾರೆ. ಸುಳ್ಳಲ್ಲ. ಎರಡರ ಎಲೆಗಳೆಲ್ಲ ಜೋಕರ್ ಆಗುವ ಒಂದು ಬಗೆಯಲ್ಲಿ, ಪಟ್ಟಿ ಪೂರ್ತಿ ಉದಾರವಾಗಿದ್ದರೆ, ವಾಪಸ್ಸು ನೂರಕ್ಕೆ 100.76. ಕೈಯೊಂದಕ್ಕೆ 10 ರೂಪಾಯಿಯಂತೆ ಗಂಟೆಗೆ 600 ಕೈ ಆಡಿದರೆ ಲಾಭ ಗಂಟೆಗೆ 45 ರೂಪಾಯಿ. ಮೈಸೂರಿನ ಗಾರೆ ಕೆಲಸದವರು ಇದನ್ನು ಕೇಳಿದರೆ ನಗ್ತಾರೆ.

ನನ್ನ ಚಾರ್ಟಿನ ಆಟಕ್ಕೆ ಬರೋಣ. ಅಲ್ಲಿ 99.54 ಬರಬೇಕಾದರೆ ಪಟ್ಟಿಯಲ್ಲಿ ಎರಡು ಸಾಲು ನೋಡಬೇಕು. ಒಂದೇ ಅಂಕಿಯ ಮೂರು, ಇನ್ನೊಂದರ ಎರಡು ಬಂದರೆ ಫುಲ್ ಹೌಸ್, ಅದಕ್ಕೆ ಒಂಬತ್ತು ಪಟ್ಟು. ಐದೂ ಒಂದೇ ಬಣದ ಎಲೆಯಾದರೆ ಫ್ಲಶ್, ಅದಕ್ಕೆ ಆರು ಪಟ್ಟು. ಇದೇ ಒಂಬತ್ತು–ಆರು ಎಂಟು–ಐದಾದರೆ ವಾಪಸ್ಸು 97.3ಕ್ಕೆ ಇಳಿಯುತ್ತೆ. ಆರು–ಐದಾದರೆ 95. ಪರದೆ ಅದೇ, ಎಲೆ ಅದೇ, ಗುಂಡಿ ಅದೇ. ಇನ್ನು ಆ 99.54ರಲ್ಲೂ ಸುಮಾರು ಎರಡು ರೂಪಾಯಿ ರಾಯಲ್ ಫ್ಲಶ್ ಒಂದರಿಂದಲೇ ಬರೋದು. ಅದು ಸರಾಸರಿ 40,000 ಕೈಗಳಿಗೊಮ್ಮೆ ಬೀಳುತ್ತೆ. ಗಂಟೆಗೆ 600ರಂತೆ 67 ಗಂಟೆ. ಅಷ್ಟು ಹೊತ್ತೂ ಗಂಟೆಗೆ ಸುಮಾರು 146 ರೂಪಾಯಿ ಸೋರುತ್ತಲೇ ಇರುತ್ತೆ. ಕೊನೆಗೆ 8,000 ಬಂದಾಗ ಕಳೆದದ್ದು 9,800 ಆಗಿರುತ್ತೆ. ದೀರ್ಘಾವಧಿ, ದೀರ್ಘಾವಧಿ ಅಂತ ಹೇಳ್ತಾರಲ್ಲ, ಅದರ ಅರ್ಥ ಇದು. ಸಂಜೆ ನಾಲ್ಕು ಗಂಟೆ ಆಡಿದವನಿಗೆ ಅದೃಷ್ಟ ಒಲಿಯಬಹುದು. ತಿಂಗಳಾನುಗಟ್ಟಲೆ ಆಡಿದವನ ಜೇಬು ಸರಾಸರಿಯ ಕಡೆಗೇ ಜಾರುತ್ತೆ.

ಇಷ್ಟೆಲ್ಲ ಲೆಕ್ಕಕ್ಕೂ ಒಂದು ಅಡಿಪಾಯ ಬೇಕು: ಪೆಟ್ಟಿಗೆಯೊಳಗೆ 52 ಎಲೆ ನಿಜವಾಗಿಯೂ ಇರಬೇಕು. ನೆವಾಡಾದಲ್ಲಿ ಇಸ್ಪೀಟು ಎಲೆ ತೋರಿಸುವ ಯಂತ್ರ ನಿಜವಾದ ಕಟ್ಟಿನ ಸಾಧ್ಯತೆಯನ್ನೇ ಕೊಡಬೇಕು ಅಂತ ನಿಯಮವಿದೆ. ನನ್ನ ಪ್ರೋಗ್ರಾಂ ಅದನ್ನು ಕೇಳದೇ ನಂಬಿತ್ತು. 1995ರ ಕೋರ್ಟು ನಂಬಲಿಲ್ಲ.

ಗೋವಾದಲ್ಲಿ 1992ರ ತಿದ್ದುಪಡಿಯಿಂದ ಪಂಚತಾರಾ ಹೋಟೆಲ್‌ಗಳಿಗೆ ಯಂತ್ರಗಳು ಬಂದವು, ಆಮೇಲೆ ಹಡಗುಗಳಿಗೂ ಅನುಮತಿ ಸಿಕ್ಕಿತು. ನನ್ನ ಗೆಳೆಯ ಮೈಸೂರಿನಿಂದ ರಾತ್ರಿ ಬಸ್ಸು ಹತ್ತಿ ತಿಂಗಳಿಗೊಮ್ಮೆ ಹೋಗತೊಡಗಿದ. ಲ್ಯಾಮಿನೇಟ್ ಮಾಡಿಸಿದ ಚಾರ್ಟ್ ಜೇಬಿನಲ್ಲಿ. ಕೈಗೆ 100 ರೂಪಾಯಿ. ಅವನು ಕೂರುತ್ತಿದ್ದ ಯಂತ್ರದ ಫೋಟೊ ಕಳಿಸಿದ್ದು ಮೂರು ವರ್ಷ ಆದ ಮೇಲೆ. ಜೂಮ್ ಮಾಡಿ ನೋಡಿದೆ. ಆರು–ಐದು. ಗಂಟೆಗೆ ಸರಾಸರಿ 3,000 ನಷ್ಟದ ಯಂತ್ರ. ಪಟ್ಟಿ ನೋಡು ಅಂತ ನಾನು ಚಾರ್ಟಿನಲ್ಲಿ ಬರೆದೇ ಇರಲಿಲ್ಲ. ರಿಂಗ್ ರೋಡ್ ಆಚೆ ಅವನಪ್ಪ ತೆಗೆದಿಟ್ಟಿದ್ದ ಸೈಟು ಆ ಹೊತ್ತಿಗೆ ಹೋಗಿತ್ತು.

ಆಮೇಲೆ ಅವನಿಗೆ ಬಸ್ಸೂ ಬೇಕಾಗಲಿಲ್ಲ, ಫೋನಿಗೇ ಬಂತು. 2021ರಲ್ಲಿ ನಮ್ಮ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಹಣದಾಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ಮತ್ತದೇ ಕೌಶಲದ ಮಾತು. ಸಾಲ ಮಾಡಿ ಮನೆ ಬಿಟ್ಟವರ ಕುರಿತು ಒಂದು ರಾತ್ರಿ ನಾನು ಆವೇಶದಿಂದ ಮಾತಾಡಿ ಬ್ರೇಕ್ ತಗೊಂಡೆ. ಬ್ರೇಕಿನಲ್ಲಿ ಬಂದದ್ದು ರಮ್ಮಿ ಆ್ಯಪ್‌ನ ಜಾಹೀರಾತು. ಮೇಕಪ್ ಸರಿ ಮಾಡಿಸಿಕೊಳ್ಳುತ್ತಾ ನೋಡಿದೆ, ಸುಮ್ಮನಿದ್ದೆ. ಮಾರನೇ ದಿನ ಗೆಳೆಯನ ತಾಯಿ ಫೋನ್ ಮಾಡಿದರು. "ನೀನು ಬೈದದ್ದೂ ನೋಡಿದೆ ಕಣಪ್ಪ, ಆಮೇಲೆ ಬಂದದ್ದೂ ನೋಡಿದೆ" ಅಂದರು. ಅಷ್ಟೇ ಹೇಳಿ ಇಟ್ಟರು.

2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಅಂತ ಕೇಳದೆ, ಆನ್‌ಲೈನ್ ಹಣದಾಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಅದೇ ವಾರ ಗೆಳೆಯನ ಮೆಸೇಜ್ ಬಂತು. ಗೋವಾ ತೆರೆದಿದೆ ಅಲ್ವಾ, ಆರು–ಐದಕ್ಕೆ ಬೇರೆ ಚಾರ್ಟ್ ಇದೆಯಾ ಅಂತ. ಇದೆ, ಆದರೆ ಅದನ್ನಿಟ್ಟುಕೊಂಡು ಆಡಿದರೂ ನೂರಕ್ಕೆ ಐದು ಹೋಗೋದು ಹೋಗೇ ಹೋಗುತ್ತೆ ಅಂತ ಬರೆದೆ. ಎರಡು ನೀಲಿ ಗೆರೆ ಬಿತ್ತು. ಉತ್ತರ ಇನ್ನೂ ಬಂದಿಲ್ಲ.