ಉಳಿದ ತುಂಡುಗಳ ಬುಟ್ಟಿ



ಐದು ರೊಟ್ಟಿಯಿಂದ ಐದು ಸಾವಿರ ಜನ ಉಂಡು ತೃಪ್ತರಾದ ಮೇಲೆ, ಉಳಿದ ತುಂಡುಗಳು ಹಾಳಾಗದಂತೆ ಕೂಡಿಸಿಡಲು ಪ್ರಭು ಯೇಸು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿದವು. ಹಬ್ಬದ ಪ್ರಬೋಧನೆಗಳಲ್ಲಿ ರೊಟ್ಟಿಯ ಮಾತು ಬಹಳ ಕೇಳಿದ್ದೇವೆ, ಬುಟ್ಟಿಯ ಮಾತು ಕಡಿಮೆ. ವಿಜಯಪುರದ ನಮ್ಮ ಮನೆಗಳ ಅಟ್ಟ ಖಾಲಿಯಾಗುತ್ತಿರುವ ಈ ದಿನಗಳಲ್ಲಿ ಮಂಗಳೂರಿನ ಒಂದು ಬುಟ್ಟಿಯ ಕಥೆ ಹೇಳಬೇಕೆನಿಸುತ್ತದೆ.

ನಮ್ಮ ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್, 1784ರ ತಪಸ್ಸುಕಾಲದ ಆರಂಭದಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದೇವಾಲಯಗಳು ನೆಲಸಮವಾದವು, 1680ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ದೇವಾಲಯವೂ ಉಳಿಯಲಿಲ್ಲ. ಬದುಕುಳಿದವರು ಊರಿಗೆ ಮರಳಿದ್ದು 1799ರ ನಂತರ. ಹಿರಿಯರದು ಎಂದು ಮಕ್ಕಳಿಗೆ ತೋರಿಸಲು ಎಷ್ಟು ಮನೆಗಳಲ್ಲಿ ಏನು ಉಳಿದಿದ್ದೀತು?

ಆ ಜನರ ಮಧ್ಯೆಯೇ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಅಲ್ಲಿ 1913ರಲ್ಲಿ ಇಟಲಿಯ ಫಾದರ್ ಕಿಯಾಪ್ಪಿ ಒಂದು ವಸ್ತುಸಂಗ್ರಹಾಲಯ ತೆರೆದರು. ಅದೇ ಅಲೋಶಿಯಂ. ಹಳೆಯ ನಾಣ್ಯ, ಕಪ್ಪೆಚಿಪ್ಪು, ಅದಿರು ಎಲ್ಲವೂ ಅಲ್ಲಿ ಸೇರಿದವು. ಮಂಗಳೂರಿನ ರಸ್ತೆಗಿಳಿದ ಮೊದಲ ಕಾರು ಎನ್ನುವ, ಫ್ರಾನ್ಸ್ ದೇಶದ ಡಿ ಡಿಯೋನ್ ಬೂತೋನ್ ಕೂಡ ಅಲ್ಲಿದೆ. ಪಕ್ಕದ ಪ್ರಾರ್ಥನಾಲಯದಲ್ಲಿ ಸಹೋದರ ಆಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು ನೋಡಲು ಬರುವವರು ಬಹಳ. ಅವರಲ್ಲಿ ಕೆಲವರಾದರೂ ಸಂಗ್ರಹಾಲಯವನ್ನು ನೋಡದೆ ಬಸ್ ಹತ್ತುತ್ತಾರೇನೋ. ಅಂದಗಾರಿಕೆಗೆ ಇರುವ ಮರ್ಯಾದೆ ಹಳೆಯ ಸಾಮಾನಿಗೆ ಇಲ್ಲ.

ನಮ್ಮ ಊರಿಗೆ ಬರೋಣ. ವಡಿಗೇನಹಳ್ಳಿ ಎಂಬ ಹಳೆಯ ಹೆಸರು ಮಕ್ಕಳಿಗೆ ಗೊತ್ತೇ? ಇದು ರೇಷ್ಮೆಯ ಊರು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುತ್ತಿದ್ದ ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ಕಿನದು ಬಂತು. ಬಿದಿರಿನದು ಸೌದೆಯಾಯಿತು. ಗೂಡು ಬಿಚ್ಚುವ ಚರಕ, ಅಜ್ಜಿ ಬಳಸಿ ಸವೆದ ಜಪಸರ, ಹೊಗೆ ಹಿಡಿದ ಮದುವೆ ಫೋಟೋ, ಇವೂ ಅದೇ ದಾರಿ ಹಿಡಿದಿವೆ.

ಇದಕ್ಕೆ ದೊಡ್ಡ ಕಟ್ಟಡ ಬೇಡ. ಬರುವ ಹಬ್ಬಕ್ಕೆ ದೇವಾಲಯದ ಸಭಾಂಗಣದಲ್ಲಿ ಎರಡು ಮೇಜು ಹಾಕಿದರೆ ಸಾಕು. ವಸ್ತು ಯಾರದು, ಯಾವ ಬೀದಿಯ ಮನೆಯದು, ಏನಕ್ಕೆ ಬಳಸುತ್ತಿದ್ದರು ಎಂದು ಒಂದು ಚೀಟಿ ಬರೆದು ಅಂಟಿಸಿ. ಚೀಟಿ ಬರೆಸಲು ಅಜ್ಜಿಯನ್ನೇ ಕೂರಿಸಿಕೊಳ್ಳಿ, ನಾಳೆಗೆ ಬಿಡಬೇಡಿ. ಮತ್ತೆ, ಚಂದ್ರಿಕೆ ತರುವವರು ಅದನ್ನು ತೊಳೆದು ತರಬೇಡಿ. ಬಿದಿರಿಗೆ ಅಂಟಿದ ರೇಷ್ಮೆ ಎಳೆ ಹಾಗೆಯೇ ಇರಲಿ.